ಬೀಮ್ ಎಲ್ಲಿ ಓಡುತ್ತಿದೆ ಅಂತ ಹೇಳುವ ಉಪಕರಣ: ಬಟನ್ ಬಿಪಿಎಂ ಕಟ್ಟುವ ಬಗೆ

ಇಂದೋರಿನ ಆರ್‌ಆರ್‌ಕ್ಯಾಟ್ ಸಂಶೋಧನಾ ಕೇಂದ್ರದಲ್ಲಿ ಇಂಡಸ್-2 ಎಂಬ ಸಿಂಕ್ರೋಟ್ರಾನ್, ಅಂದರೆ ಎಲೆಕ್ಟ್ರಾನ್‌ಗಳನ್ನು ಸುತ್ತು ಹೊಡೆಸುವ ಯಂತ್ರ, ಇದೆ. ತಿಪಟೂರಿನಲ್ಲಿ ಹುಟ್ಟಿದ ನಮ್ಮ ರಾಜಾ ರಾಮಣ್ಣನವರ ಹೆಸರನ್ನು ಹೊತ್ತ ಕೇಂದ್ರ ಅದು. ಈ ಯಂತ್ರದ ಸುತ್ತಳತೆ ಸುಮಾರು 172.5 ಮೀಟರ್. ಅದರ ನಿರ್ವಾತ ಪೈಪಿನೊಳಗೆ ಎಲೆಕ್ಟ್ರಾನ್‌ಗಳು 250 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಸುತ್ತುತ್ತವೆ. ಒಂದು ಸುತ್ತಿಗೆ 0.575 ಮೈಕ್ರೋಸೆಕೆಂಡ್ ಸಾಕು. ಅಂದರೆ ಸೆಕೆಂಡಿಗೆ 17 ಲಕ್ಷಕ್ಕೂ ಜಾಸ್ತಿ ಸುತ್ತು. ಪೈಪಿನೊಳಗೆ ಇಣುಕುವಂತಿಲ್ಲ, ಕೈ ಹಾಕುವಂತೆಯೂ ಇಲ್ಲ. ಹಾಗಿದ್ದಾಗ ಈ ಎಲೆಕ್ಟ್ರಾನ್‌ಗಳ ಹರಿವು, ಅಂದರೆ ಬೀಮ್, ನಟ್ಟನಡುವೆ ಇದೆಯೋ, ಕೂದಲೆಳೆಯಷ್ಟು ಎಡಕ್ಕೆ ಸರಿದಿದೆಯೋ ಅಂತ ತಿಳಿಯುವುದು ಹೇಗೆ?

ಅದಕ್ಕೆ ಇರುವುದು ಬೀಮ್ ಪೊಸಿಷನ್ ಮಾನಿಟರ್. ಎಲ್ಲರೂ ಬಿಪಿಎಂ ಅಂತಲೇ ಕರೆಯುತ್ತಾರೆ. ಬೀಮ್ ನೋಡಲು ಬೇರೆ ಉಪಕರಣಗಳೂ ಇವೆ. ಒಟ್ಟು ಕರೆಂಟ್ ಅಳೆಯುವ ಡಿಸಿಸಿಟಿ, ಬೀಮ್ ಬಿದ್ದಾಗ ಹೊಳೆಯುವ ಪರದೆ, ಬಾಗುವ ಎಲೆಕ್ಟ್ರಾನ್‌ಗಳು ಸೂಸುವ ಸಿಂಕ್ರೋಟ್ರಾನ್ ಬೆಳಕಿನಲ್ಲಿ ಬೀಮ್‌ನ ಗಾತ್ರ ನೋಡುವ ಕ್ಯಾಮೆರಾ, ನಷ್ಟ ಹಿಡಿಯುವ ಲಾಸ್ ಮಾನಿಟರ್, ಹೀಗೆ. ಆದರೆ ಎಲೆಕ್ಟ್ರಾನಿಕ್ಸ್ ಓದಿ ಈ ಕ್ಷೇತ್ರಕ್ಕೆ ಬರಬೇಕು ಅನ್ನುವವರು ಬಿಪಿಎಂನಿಂದಲೇ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ. ಯಂತ್ರಭಾಗ, ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ), ಡಿಜಿಟಲ್, ತಾಪಮಾನ ಎಲ್ಲವೂ ಇದೊಂದರಲ್ಲೇ ಸಿಗುತ್ತವೆ.

ಶುರು ಮಾಡುವ ಮುಂಚೆ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಿಪಿಎಂ ಅಳೆಯುವುದು ನಾಲ್ಕು ದೊಡ್ಡ ಸಿಗ್ನಲ್‌ಗಳ ನಡುವಿನ ಚಿಕ್ಕ ವ್ಯತ್ಯಾಸವನ್ನು. ಹಾಗಾಗಿ ಒಂದೊಂದು ಚಾನೆಲ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ನಾಲ್ಕೂ ಒಂದೇ ತರ ಇವೆಯಾ ಅನ್ನುವುದೇ ಮುಖ್ಯ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಈ ಪ್ರಶ್ನೆ ಬರುತ್ತದೆ.

ಮೊದಲು ಎಷ್ಟು ನಿಖರತೆ ಬೇಕು ಅಂತ ಕೇಳಿ

ಸರ್ಕ್ಯೂಟ್ ಬಿಡಿಸುವುದು ಆಮೇಲೆ. ಮೊದಲು ಆಕ್ಸಿಲರೇಟರ್ ಫಿಸಿಕ್ಸ್ ತಂಡದ ಹತ್ತಿರ ಕೂತು ಮಾತಾಡಿ. ರೂಢಿಯ ಲೆಕ್ಕ ಒಂದಿದೆ: ಬೀಮ್‌ನ ಜಾಗ ಅದರ ಗಾತ್ರದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಅಲುಗಬಾರದು. ಬೀಮ್ ಲಂಬ ದಿಕ್ಕಿನಲ್ಲಿ 30 ಮೈಕ್ರಾನ್ ಇದ್ದರೆ 3 ಮೈಕ್ರಾನ್ ಒಳಗೆ ಹಿಡಿಯಬೇಕು. ಹಿಡಿಯಬೇಕಾದರೆ ಅದಕ್ಕಿಂತ ಚಿಕ್ಕದನ್ನು ಅಳೆಯಬೇಕು, ಅಲ್ವಾ?

ಆಮೇಲೆ ಮೂರು ಸಂಗತಿ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಒಂದು ಕ್ಷಣದಿಂದ ಇನ್ನೊಂದು ಕ್ಷಣಕ್ಕೆ ಓದಿಕೆ ಎಷ್ಟು ನಡುಗುತ್ತದೆ, ಇದು ರೆಸೊಲ್ಯೂಷನ್. ಬೆಳಿಗ್ಗೆಯಿಂದ ಸಂಜೆಗೆ ಎಷ್ಟು ಸರಿಯುತ್ತದೆ, ಇದು ಡ್ರಿಫ್ಟ್. ನಿಜವಾದ ನಡುವಿಗೂ ನೀವು ಹೇಳುವ ಸೊನ್ನೆಗೂ ಎಷ್ಟು ಅಂತರ, ಇದು ಆಫ್‌ಸೆಟ್. ಹೊಸಬರು ಮೊದಲನೆಯದರ ಹಿಂದೆಯೇ ಓಡುತ್ತಾರೆ. ಕಾಡುವುದು ಎರಡನೆಯದು.

ಕರೆಂಟಿನ ವ್ಯಾಪ್ತಿಯನ್ನೂ ಕೇಳಿ. ಯಂತ್ರ ಶುರುವಾದ ದಿನ 1 ಮಿಲಿಆಂಪಿಯರ್ ಇರಬಹುದು. ಇಂಡಸ್-2ರ ವಿನ್ಯಾಸದ ಕರೆಂಟ್ 300 ಮಿಲಿಆಂಪಿಯರ್. ಎರಡರಲ್ಲೂ ನಿಮ್ಮ ಪೆಟ್ಟಿಗೆ ಸತ್ಯ ಹೇಳಬೇಕು.

ಬಟನ್

ಎಲೆಕ್ಟ್ರಾನ್‌ಗಳು ಗುಂಪು ಗುಂಪಾಗಿ ಓಡುತ್ತವೆ. ಪ್ರತಿ ಗುಂಪಿನ ಜೊತೆ ಪೈಪಿನ ಒಳಗೋಡೆಯಲ್ಲಿ ಅಷ್ಟೇ ಪ್ರಮಾಣದ ವಿರುದ್ಧ ಚಾರ್ಜ್ ನೆರಳಿನ ಹಾಗೆ ಓಡುತ್ತದೆ. ಗೋಡೆಯಲ್ಲಿ ಒಂದು ದುಂಡು ತೂತು ಕೊರೆದು, ಅದರಲ್ಲಿ ಗೋಡೆಗೆ ತಾಗದಂತೆ ಒಂದು ಲೋಹದ ಬಿಲ್ಲೆ ಕೂರಿಸಿದರೆ ಆ ನೆರಳಿನ ಒಂದು ಪಾಲು ನಮ್ಮ ಕೈಗೆ ಸಿಗುತ್ತದೆ. ಅದೇ ಬಟನ್. ಬೀಮ್ ಹತ್ತಿರ ಬಂದರೆ ಸಿಗ್ನಲ್ ಜಾಸ್ತಿ, ದೂರ ಹೋದರೆ ಕಮ್ಮಿ.

ನಾಲ್ಕು ಬಟನ್ ಬೇಕು. ಎಲೆಕ್ಟ್ರಾನ್ ಯಂತ್ರದಲ್ಲಿ ಅವನ್ನು ಎಡ, ಬಲ, ಮೇಲೆ, ಕೆಳಗೆ ಇಡುವುದಿಲ್ಲ. ಸಿಂಕ್ರೋಟ್ರಾನ್ ಬೆಳಕು ಅಡ್ಡ ಸಮತಲದಲ್ಲಿ ಬೀಸಣಿಗೆಯಂತೆ ಹರಡುತ್ತದೆ. ಅಲ್ಲಿ ಬಟನ್ ಇಟ್ಟರೆ ನೇರ ಪೆಟ್ಟು ಬೀಳುತ್ತದೆ. ಅದಕ್ಕೇ 45 ಡಿಗ್ರಿ ತಿರುಗಿಸಿ ಇಡುತ್ತಾರೆ. ಬೀಮ್ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಮೇಲೆ ಎಡಕ್ಕೆ ಎ, ಮೇಲೆ ಬಲಕ್ಕೆ ಬಿ, ಕೆಳಗೆ ಬಲಕ್ಕೆ ಸಿ, ಕೆಳಗೆ ಎಡಕ್ಕೆ ಡಿ ಅಂತ ಇಟ್ಟುಕೊಳ್ಳೋಣ.

ಲೆಕ್ಕ ಸುಲಭವಾಗಲಿ ಅಂತ 20 ಮಿಲಿಮೀಟರ್ ತ್ರಿಜ್ಯದ ದುಂಡು ಪೈಪು, 5 ಮಿಲಿಮೀಟರ್ ತ್ರಿಜ್ಯದ ಬಟನ್ ಅಂದುಕೊಳ್ಳಿ. ಬಟನ್‌ಗೂ ಗೋಡೆಗೂ ನಡುವೆ 3 ಪಿಕೋಫ್ಯಾರಡ್ ಇರಲಿ, ಕೇಬಲ್ 50 ಓಮ್ ಇರಲಿ. ಇಂಡಸ್-2ರಲ್ಲಿ ಎಲೆಕ್ಟ್ರಾನ್‌ಗಳಿಗೆ ಶಕ್ತಿ ತುಂಬುವ ಆರ್‌ಎಫ್ ಅಲೆಯ ಫ್ರೀಕ್ವೆನ್ಸಿ 505.8 ಮೆಗಾಹರ್ಟ್ಸ್. ಆ ಫ್ರೀಕ್ವೆನ್ಸಿಯಲ್ಲಿ ಈ ಬಟನ್ ಪ್ರತಿ ಆಂಪಿಯರ್ ಬೀಮ್‌ಗೆ ಸುಮಾರು 0.3 ವೋಲ್ಟ್ ಕೊಡುತ್ತದೆ. 100 ಮಿಲಿಆಂಪಿಯರ್ ಸರಾಸರಿ ಕರೆಂಟ್ ಇದ್ದಾಗ ಆ ಫ್ರೀಕ್ವೆನ್ಸಿಯಲ್ಲಿರುವ ಅಂಶದ (ಹಾರ್ಮೋನಿಕ್) ಎತ್ತರ ಅದರ ಎರಡು ಪಟ್ಟು, 200 ಮಿಲಿಆಂಪಿಯರ್. ಹಾಗಾಗಿ ಬಟನ್‌ನಿಂದ 60 ಮಿಲಿವೋಲ್ಟ್, ಸುಮಾರು ಮೈನಸ್ 14 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್, ಅಂದರೆ ಡಿಬಿ, ಲೆಕ್ಕದಲ್ಲಿ) ಬರುತ್ತದೆ. 1 ಮಿಲಿಆಂಪಿಯರ್‌ಗೆ ಇಳಿದರೆ 40 ಡಿಬಿ ಕಮ್ಮಿ, ಮೈನಸ್ 54. ನಿಮ್ಮ ಸರ್ಕ್ಯೂಟು ಈ ಎರಡರ ನಡುವೆ, ಇನ್ನೂ ಸ್ವಲ್ಪ ಆಚೆಗೂ, ಬದುಕಬೇಕು.

ಜಾಗದ ಲೆಕ್ಕ ಹೀಗೆ: ಬಿ ಮತ್ತು ಸಿ ಕೂಡಿಸಿ, ಅದರಿಂದ ಎ ಮತ್ತು ಡಿ ಮೊತ್ತ ಕಳೆಯಿರಿ. ಬಂದದ್ದನ್ನು ನಾಲ್ಕರ ಒಟ್ಟು ಮೊತ್ತದಿಂದ ಭಾಗಿಸಿ. ಅದನ್ನು 14.1 ಮಿಲಿಮೀಟರ್‌ನಿಂದ ಗುಣಿಸಿದರೆ ಅಡ್ಡ ದಿಕ್ಕಿನ ಸ್ಥಾನ. ಲಂಬಕ್ಕೆ ಎ, ಬಿ ಕೂಡಿಸಿ ಸಿ, ಡಿ ಕಳೆಯಿರಿ. 14.1 ಬಂದದ್ದು ಪೈಪಿನ ತ್ರಿಜ್ಯವನ್ನು ಎರಡರ ವರ್ಗಮೂಲದಿಂದ ಭಾಗಿಸಿ. ಇದು ಬೀಮ್ ನಡುವಿನ ಹತ್ತಿರ ಇದ್ದಾಗ ಮಾತ್ರ ಸರಿ. ದೂರ ಹೋದಂತೆ ರೇಖೆ ಬಾಗುತ್ತದೆ, ಆಗ ಬಹುಪದಿ ಸೂತ್ರ ಹಾಕಬೇಕು.

ಈಗ ಒಂದು ಚಿಕ್ಕ ಲೆಕ್ಕ ಮಾಡಿ. ಒಂದು ಚಾನೆಲ್‌ನ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) ಬರೀ 0.01 ಡಿಬಿ ಬದಲಾದರೆ ಬೀಮ್ ಎಷ್ಟು ಸರಿದಂತೆ ಕಾಣುತ್ತದೆ? ಉತ್ತರ 4 ಮೈಕ್ರಾನ್. ಬೀಮ್ ಅಲುಗಿಲ್ಲ, ಆದರೂ ನಿಮ್ಮ ಮೂರು ಮೈಕ್ರಾನ್ ಮಿತಿ ಮುಗಿಯಿತು. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಬೆಂಚಿನ ಮೇಲೆ ಅಂಟಿಸಿಕೊಳ್ಳಿ.

ಬಟನ್ ದೊಡ್ಡದಾದರೆ ಸಿಗ್ನಲ್ ಜಾಸ್ತಿ ಸಿಗುತ್ತದೆ, ನಿಜ. ಆದರೆ ಬಟನ್ ಸುತ್ತಲಿನ ಸಂದಿನಲ್ಲಿ ಅಲೆಗಳು ಸಿಕ್ಕಿಕೊಂಡು ಕುಣಿಯುತ್ತವೆ. 5 ಮಿಲಿಮೀಟರ್ ತ್ರಿಜ್ಯಕ್ಕೆ ಈ ಕುಣಿತ ಸುಮಾರು 9 ಗಿಗಾಹರ್ಟ್ಸ್. ಬಟನ್ ದೊಡ್ಡದಾದಷ್ಟೂ ಅದು ಕೆಳಗೆ ಇಳಿಯುತ್ತದೆ. ಬೀಮ್‌ನ ಗುಂಪು ಉದ್ದವಾಗಿದ್ದರೆ ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಶಕ್ತಿ ಇರುವುದಿಲ್ಲ. ಗುಂಪು ಚಿಕ್ಕದಾದರೆ ಬಟನ್ ಬಿಸಿಯಾಗುತ್ತದೆ. ಬಿಸಿಯಾದರೆ ಸಂದಿನ ಅಳತೆ ಬದಲಾಗುತ್ತದೆ, ಹೆಚ್ಚಾದರೆ ಸೆರಾಮಿಕ್ ಸೀಲ್ ಬಿರುಕು ಬಿಡಬಹುದು. ಆದ್ದರಿಂದ ಸಾಕಾಗುವಷ್ಟು ಸಿಗ್ನಲ್ ಕೊಡುವ ಅತಿ ಚಿಕ್ಕ ಬಟನ್ ಆರಿಸಿ.

ಫೀಡ್‌ತ್ರೂಗಳು, ಅಂದರೆ ಬಟನ್, ಸೀಲ್, ಕನೆಕ್ಟರ್ ಒಟ್ಟಿಗಿರುವ ಬಿಡಿಭಾಗಗಳು, ಬಂದ ಮೇಲೆ ಎಲ್ಲದರ ಕೆಪಾಸಿಟೆನ್ಸ್ ಅಳೆದು, ಹತ್ತಿರದ ಬೆಲೆ ಇರುವ ನಾಲ್ಕು ನಾಲ್ಕನ್ನು ಗುಂಪು ಮಾಡಿ. ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ಬೆಸೆಯಬೇಡಿ. ಆಮೇಲೆ ಹೀಲಿಯಂ ಲೀಕ್ ಪರೀಕ್ಷೆ, ಬಿಸಿ ಮಾಡಿ ಗಾಳಿ ತೆಗೆಯುವ ಬೇಕಿಂಗ್, ಮತ್ತೆ ಲೀಕ್ ಪರೀಕ್ಷೆ. ಬೇಕಿಂಗ್ ಮುಂಚೆ ಪಾಸಾದ ಸೀಲು ಆಮೇಲೆ ಸೋರುವುದು ಅಪರೂಪವಲ್ಲ.

ಯಾವ ಕಾಲಿನ ಮೇಲೆ ನಿಂತಿದೆ?

ಎಲೆಕ್ಟ್ರಾನಿಕ್ಸ್ ಓದಿದವರು ಇದನ್ನು ಬೇರೆಯವರ ಕೆಲಸ ಅಂದುಕೊಳ್ಳುತ್ತಾರೆ. ಹಾಗೆ ಬಿಡಬೇಡಿ. ಬೀಮ್ ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ, ಬಿಪಿಎಂ ಸಾಮಾನ್ಯ ಉಕ್ಕಿನ ಸ್ಟ್ಯಾಂಡ್ ಮೇಲೆ ಕೂತಿದೆ ಅನ್ನಿ. ಸುರಂಗದ ಗಾಳಿ 1 ಡಿಗ್ರಿ ಬಿಸಿಯಾದರೆ ಆ ಸ್ಟ್ಯಾಂಡ್ 14 ಮೈಕ್ರಾನ್ ಬೆಳೆಯುತ್ತದೆ. ನೀವು ಆರು ತಿಂಗಳು ಕೂತು ಸರ್ಕ್ಯೂಟಿನಲ್ಲಿ ಉಳಿಸಿದ ಒಂದೆರಡು ಮೈಕ್ರಾನ್ ಇದರ ಮುಂದೆ ಎಲ್ಲಿಗೆ ಬಂತು? ಹಿಗ್ಗುವುದು ತುಂಬಾ ಕಮ್ಮಿ ಇರುವ ಇನ್ವಾರ್ ಮಿಶ್ರಲೋಹ ಬಳಸಬಹುದು, ಇಲ್ಲವೇ ಗಾಳಿಯ ತಾಪಮಾನವನ್ನೇ ಬಿಗಿಯಾಗಿ ಹಿಡಿಯಬಹುದು.

ಪೈಪು ಬಟನ್ ಬ್ಲಾಕನ್ನು ಎಳೆಯದ ಹಾಗೆ ಎರಡೂ ಕಡೆ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಲೋಹದ ಕೊಳವೆ) ಹಾಕಿಸಿ. ಬೀಮ್ ಕರೆಂಟ್ ಏರಿದಾಗ ಸಿಂಕ್ರೋಟ್ರಾನ್ ಬೆಳಕಿಗೆ ಪೈಪು ಬಿಸಿಯಾಗುತ್ತದೆ, ಹಿಗ್ಗುತ್ತದೆ, ಬಿಪಿಎಂ ಅನ್ನೇ ತಳ್ಳುತ್ತದೆ. ಆಗ ಪರದೆಯಲ್ಲಿ ಬೀಮ್ ಸರಿದಂತೆ ಕಾಣುತ್ತದೆ. ಸರಿದದ್ದು ಅಳತೆಗೋಲು.

ಕೇಬಲ್

ಬಟನ್‌ನಿಂದ ಎಲೆಕ್ಟ್ರಾನಿಕ್ಸ್‌ವರೆಗೆ 40 ಮೀಟರ್ ಕೇಬಲ್ ಇರಬಹುದು. ವಿಕಿರಣ ಇರುವ ಸುರಂಗದೊಳಗೆ ಚಿಪ್ ಇಡುವುದು ಒಳ್ಳೆಯದಲ್ಲ, ಅದಕ್ಕೇ ಇಷ್ಟುದ್ದ. 505.8 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ 0.1 ಡಿಬಿ ನಷ್ಟ ಅಂದರೂ ಒಟ್ಟು 4 ಡಿಬಿ. ತಾಮ್ರದ ರೋಧ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ಆರ್‌ಎಫ್ ಕರೆಂಟ್ ತಾಮ್ರದ ಮೇಲ್ಮೈಯಲ್ಲೇ ಹರಿಯುವುದರಿಂದ ನಷ್ಟ ಅದರ ಅರ್ಧದಷ್ಟು, 0.2 ಶೇಕಡಾ ಏರುತ್ತದೆ. ನಾಲ್ಕರಲ್ಲಿ ಒಂದು ಕೇಬಲ್ ಮಾತ್ರ 1 ಡಿಗ್ರಿ ಬಿಸಿಯಾದರೆ 0.008 ಡಿಬಿ ವ್ಯತ್ಯಾಸ. ಚೀಟಿ ನೋಡಿ: 3 ಮೈಕ್ರಾನ್.

ನಾಲ್ಕೂ ಒಟ್ಟಿಗೆ ಬಿಸಿಯಾದರೆ? ಹೆಚ್ಚುಕಮ್ಮಿ ಏನೂ ಆಗುವುದಿಲ್ಲ, ಭಾಗಿಸುವಾಗ ಹೊರಟುಹೋಗುತ್ತದೆ. ಆದ್ದರಿಂದ ನಾಲ್ಕು ಕೇಬಲ್‌ಗಳನ್ನು ಒಂದೇ ಡ್ರಮ್‌ನಿಂದ, ಒಂದೇ ಉದ್ದಕ್ಕೆ ಕತ್ತರಿಸಿ. ಒಟ್ಟಿಗೆ ಕಟ್ಟಿ, ಒಂದೇ ದಾರಿಯಲ್ಲಿ ಎಳೆಯಿರಿ. ನಾನು ಒಮ್ಮೆ ಒಂದು ಬಿಪಿಎಂನ ಓದಿಕೆ ದಿನವಿಡೀ ಮೇಲೆ ಕೆಳಗೆ ತೂಗುವುದನ್ನು ನೋಡಿ ಮೂರು ದಿನ ಸರ್ಕ್ಯೂಟ್ ಬಿಚ್ಚಿ ಕೂತಿದ್ದೆ. ಕೊನೆಗೆ ನೋಡಿದರೆ ಕೇಬಲ್ ಕಟ್ಟಿನ ಒಂದು ಬದಿಗೆ ಎಸಿ ಗಾಳಿ ಬೀಸುತ್ತಿತ್ತು. ಕಂಪ್ರೆಸರ್ ಆನ್ ಆದಾಗ ಬೀಮ್ ಒಂದು ಕಡೆ, ಆಫ್ ಆದಾಗ ಇನ್ನೊಂದು ಕಡೆ. ಒಂದು ಮುಚ್ಚಳ ಹಾಕಿದೆವು, ಸರಿಹೋಯಿತು.

ಮಳೆಗಾಲದ ತೇವವೂ ಇದೇ ಆಟ ಆಡುತ್ತದೆ. ಕೆಲವು ಕೇಬಲ್‌ಗಳ ಒಳಗಿನ ನಿರೋಧಕಕ್ಕೆ ತೇವ ಸೇರಿ ನಷ್ಟ ಬದಲಾಗುತ್ತದೆ. ನಮ್ಮ ಹವೆಗೆ ಕೇಬಲ್ ಆರಿಸುವಾಗ ತಾಪಮಾನದ ಜೊತೆ ತೇವಾಂಶವನ್ನೂ ಕೇಳಿ. ಎಸ್‌ಎಂಎ ಕನೆಕ್ಟರನ್ನು ಕೈಯಲ್ಲಿ ತಿರುಗಿಸಿ ಬಿಡಬೇಡಿ. ಟಾರ್ಕ್ ಸ್ಪ್ಯಾನರ್ ಬಳಸಿ. ಹಿತ್ತಾಳೆಯದಕ್ಕೆ 0.56 ನ್ಯೂಟನ್ ಮೀಟರ್, ಸ್ಟೇನ್‌ಲೆಸ್ ಉಕ್ಕಿನದಕ್ಕೆ ಸುಮಾರು 1.

ಅನಲಾಗ್ ಭಾಗ

ಬಟನ್‌ನಿಂದ ಬರುವುದು ಒಂದು ನ್ಯಾನೋಸೆಕೆಂಡಿಗಿಂತ ಚಿಕ್ಕ ಹೊಡೆತ. ಅದನ್ನು ನೇರವಾಗಿ ಡಿಜಿಟಲ್ ಮಾಡುವುದು ಸುಮ್ನೆ ಕಷ್ಟ. ಮೊದಲು ಲೋ ಪಾಸ್ ಫಿಲ್ಟರ್, ಆಮೇಲೆ 505.8 ಮೆಗಾಹರ್ಟ್ಸ್ ಸುತ್ತ ಕೆಲವು ಮೆಗಾಹರ್ಟ್ಸ್ ಅಗಲದ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ. ಚಿಕ್ಕ ಹೊಡೆತ ಗಂಟೆಯ ನಾದದಂತೆ ಉದ್ದವಾಗುತ್ತದೆ. ಆ ನಾದದ ಎತ್ತರ ಅಳೆಯುವುದು ಸುಲಭ. ಈ ಫ್ರೀಕ್ವೆನ್ಸಿ ಆರಿಸಲು ಇನ್ನೊಂದು ಕಾರಣ ಇದೆ. 20 ಮಿಲಿಮೀಟರ್ ತ್ರಿಜ್ಯದ ಪೈಪಿನಲ್ಲಿ ಸುಮಾರು 4.4 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಹರಿಯುವುದಿಲ್ಲ. ಹಾಗಾಗಿ ಬೀಮ್‌ಗೆ ಶಕ್ತಿ ತುಂಬುವ ದೂರದ ಆರ್‌ಎಫ್ ಕ್ಯಾವಿಟಿಯ ಸದ್ದು ಪೈಪಿನ ಮೂಲಕ ನಿಮ್ಮ ಬಟನ್‌ಗೆ ಬರುವುದಿಲ್ಲ.

ಫಿಲ್ಟರ್ ಆದ ಮೇಲೆ ಆಂಪ್ಲಿಫೈಯರ್, ಸಿಗ್ನಲನ್ನು ಹೆಜ್ಜೆ ಹೆಜ್ಜೆಯಾಗಿ ತಗ್ಗಿಸುವ, ಬದಲಾಯಿಸಬಹುದಾದ ಅಟೆನ್ಯುಯೇಟರ್. ಇಲ್ಲಿ ಎಚ್ಚರ. ನಾಲ್ಕು ಚಾನೆಲ್‌ನ ಅಟೆನ್ಯುಯೇಟರ್‌ಗಳು ಒಂದೇ ಹೆಜ್ಜೆಗೆ ಒಂದೇ ಬೆಲೆ ಕೊಡುವುದಿಲ್ಲ. ಒಂದರಲ್ಲಿ 0.1 ಡಿಬಿ ಹೆಚ್ಚುಕಮ್ಮಿ ಆದರೆ, ಹೆಜ್ಜೆ ಬದಲಿಸಿದ ಕ್ಷಣ ಬೀಮ್ 40 ಮೈಕ್ರಾನ್ ಹಾರಿದಂತೆ ಕಾಣುತ್ತದೆ. ಬೀಮ್‌ನ ದಾರಿಯನ್ನು ತಾನೇ ತಿದ್ದುವ ಆರ್ಬಿಟ್ ಫೀಡ್‌ಬ್ಯಾಕ್ ಅದನ್ನು ನಂಬಿ ನಿಜವಾದ ಬೀಮನ್ನು ಅಲ್ಲಿಗೆ ತಳ್ಳುತ್ತದೆ. ಪ್ರತಿ ಹೆಜ್ಜೆಗೂ ನಾಲ್ಕೂ ಚಾನೆಲ್ ಅಳೆದು ಒಂದು ತಿದ್ದುಪಡಿ ಪಟ್ಟಿ ಮಾಡಿ ಮೆಮರಿಯಲ್ಲಿ ಇಡಿ. ಚಾನೆಲ್‌ಗಳ ನಡುವಿನ ಸೋರಿಕೆ ಮೈನಸ್ 60 ಡಿಬಿಗಿಂತ ಕೆಳಗಿರಲಿ. ಪ್ರತಿ ಚಾನೆಲ್‌ಗೂ ಬೇರೆ ಲೋಹದ ಗೂಡು ಇದ್ದರೆ ಇದು ಸಾಧ್ಯ.

ಎಡಿಸಿ ಮತ್ತು ಕ್ಲಾಕ್

ನನಗೆ ಅತ್ಯಂತ ಇಷ್ಟವಾದ ಭಾಗ ಇದು. 505.8 ಮೆಗಾಹರ್ಟ್ಸ್ ಸಿಗ್ನಲ್ ಅಳೆಯಲು ಗಿಗಾಹರ್ಟ್ಸ್ ವೇಗದ ಎಡಿಸಿ (ಅನಲಾಗ್ ಸಿಗ್ನಲನ್ನು ಸಂಖ್ಯೆಯಾಗಿಸುವ ಚಿಪ್) ಬೇಕಿಲ್ಲ. ಫಿಲ್ಟರ್ ಆದ ಸಿಗ್ನಲ್‌ನ ಅಗಲ ಕೆಲವೇ ಮೆಗಾಹರ್ಟ್ಸ್. ಆದ್ದರಿಂದ ನಿಧಾನವಾಗಿ ಸ್ಯಾಂಪಲ್ ಮಾಡಿದರೂ ಅದು ಕೆಳಗಿನ ಫ್ರೀಕ್ವೆನ್ಸಿಗೆ ಮಡಚಿಕೊಂಡು ಬರುತ್ತದೆ.

ಇಂಡಸ್-2ರಲ್ಲಿ ಒಂದು ಸುತ್ತಿಗೆ ಆರ್‌ಎಫ್ 291 ಸಲ ತೂಗುತ್ತದೆ. ಸುತ್ತಿನ ಫ್ರೀಕ್ವೆನ್ಸಿ 505.8 ಭಾಗಿಸು 291, ಅಂದರೆ 1.738 ಮೆಗಾಹರ್ಟ್ಸ್. ಎಡಿಸಿ ಯಾವಾಗ ಸ್ಯಾಂಪಲ್ ತೆಗೆಯಬೇಕು ಅಂತ ತಾಳ ಹಾಕುವ ಕ್ಲಾಕ್ ಇದರ ಪೂರ್ಣ ಗುಣಕವಾಗಿರಲಿ. ಸುತ್ತಿಗೆ 68 ಸ್ಯಾಂಪಲ್ ತೆಗೆದರೆ ಕ್ಲಾಕ್ 118.2 ಮೆಗಾಹರ್ಟ್ಸ್. 291ರಿಂದ 68ರ ನಾಲ್ಕು ಪಟ್ಟು, 272, ಕಳೆದರೆ 19. ಅಂದರೆ ಸಿಗ್ನಲ್ ಸುತ್ತಿನ ಫ್ರೀಕ್ವೆನ್ಸಿಯ 19 ಪಟ್ಟಿನ ಜಾಗದಲ್ಲಿ, 33 ಮೆಗಾಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ. ಪ್ರತಿ ಸುತ್ತಿಗೂ ಅದೇ 68 ಬಿಂದುಗಳು. ಒಂದು ಸುತ್ತಿನ ಲೆಕ್ಕ ಇನ್ನೊಂದಕ್ಕೆ ಸೋರುವುದಿಲ್ಲ.

19ರ ಬದಲು 17 ಯಾಕೆ ಬೇಡ, ಅದು 68ರ ಸರಿಯಾಗಿ ಕಾಲು ಭಾಗ ಅಲ್ವಾ, ಲೆಕ್ಕವೂ ಸುಲಭ ಅಂತ ಕೇಳಬಹುದು. ಕಾಲು ಭಾಗದಲ್ಲಿ ಇಟ್ಟರೆ ಎಡಿಸಿ ತಾನೇ ಹುಟ್ಟಿಸುವ ಮೂರನೇ ಹಾರ್ಮೋನಿಕ್ ಮಡಚಿಕೊಂಡು ಸಿಗ್ನಲ್ ಮೇಲೇ ಬೀಳುತ್ತದೆ. 19ರಲ್ಲಿ ಇಟ್ಟರೆ ಮೂರನೆಯದು 11ಕ್ಕೆ, ಐದನೆಯದು 27ಕ್ಕೆ ಹೋಗುತ್ತದೆ. ದಾರಿ ಖಾಲಿ.

ಎಡಿಸಿಯ ಇನ್‌ಪುಟ್ ಬ್ಯಾಂಡ್‌ವಿಡ್ತ್ 505 ಮೆಗಾಹರ್ಟ್ಸ್‌ಗಿಂತ ಸಾಕಷ್ಟು ಮೇಲಿರಲಿ. ಜಿಟ್ಟರ್, ಅಂದರೆ ಕ್ಲಾಕ್‌ನ ತಾಳದ ನಡುಕ, ಲೆಕ್ಕ ಹಾಕುವಾಗ 33 ಅಲ್ಲ, 505.8 ಬಳಸಿ. 0.3 ಪಿಕೋಸೆಕೆಂಡ್ ಜಿಟ್ಟರ್ ಇದ್ದರೆ ಒಂದು ಚಾನೆಲ್‌ನ ಸಿಗ್ನಲ್ ಗದ್ದಲಕ್ಕಿಂತ ಬರೀ 60 ಡಿಬಿ ಮೇಲೆ. ಗಾಬರಿ ಬೇಡ. ಒಂದೇ ಕ್ಲಾಕನ್ನು ನಾಲ್ಕೂ ಎಡಿಸಿಗೆ ಸಮ ಉದ್ದದ ಗೆರೆಗಳಲ್ಲಿ ಕೊಟ್ಟರೆ ಈ ಗದ್ದಲದ ಬಹುಪಾಲು ನಾಲ್ಕರಲ್ಲೂ ಒಂದೇ ತರ ಬರುತ್ತದೆ, ಭಾಗಿಸುವಾಗ ಹೋಗುತ್ತದೆ.

ಆಮೇಲಿನದು ಎಫ್‌ಪಿಜಿಎ (ಬೇಕಾದಂತೆ ಪ್ರೋಗ್ರಾಂ ಮಾಡಬಹುದಾದ ಡಿಜಿಟಲ್ ಚಿಪ್) ಕೆಲಸ: 33 ಮೆಗಾಹರ್ಟ್ಸ್‌ನಿಂದ ಸೊನ್ನೆಗೆ ಇಳಿಸಿ, ಫಿಲ್ಟರ್ ಮಾಡಿ, ಎತ್ತರ ತೆಗೆಯುವುದು. ಮೂರು ವೇಗದ ದತ್ತಾಂಶ ಬೇಕು. ಸುತ್ತು ಸುತ್ತಿನದು ಬೀಮ್‌ನ ಗುಣ ಅಧ್ಯಯನಕ್ಕೆ. ಸೆಕೆಂಡಿಗೆ ಸುಮಾರು 10 ಸಾವಿರ ಓದಿಕೆ ಫೀಡ್‌ಬ್ಯಾಕ್‌ಗೆ. ಸೆಕೆಂಡಿಗೆ ಹತ್ತು ಪರದೆಗೆ. ಬೀಮ್ ಬಿದ್ದುಹೋದರೆ ಕೊನೆಯ ಕೆಲವು ಸಾವಿರ ಸುತ್ತುಗಳು ಮೆಮರಿಯಲ್ಲಿ ಹಾಗೇ ನಿಂತಿರುವಂತೆ ಮಾಡಿ. ಯಾಕೆ ಬಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಚಾನೆಲ್‌ಗಳು ಬೇರೆ ಬೇರೆ ಸರಿದರೆ

ಎಷ್ಟೇ ಜೋಪಾನ ಮಾಡಿದರೂ ಆಂಪ್ಲಿಫೈಯರ್‌ಗಳ ಗೇನ್ ಬೇರೆ ಬೇರೆಯಾಗಿ ಸರಿಯುತ್ತದೆ. ಎರಡು ಉಪಾಯಗಳಿವೆ. ಒಂದು, ಮುಂದೆ ಒಂದು ಸ್ವಿಚ್ ಇಟ್ಟು ಪ್ರತಿ ಬಟನ್‌ನ ಸಿಗ್ನಲನ್ನು ಸರದಿಯಂತೆ ನಾಲ್ಕೂ ಚಾನೆಲ್ ಮೂಲಕ ಕಳಿಸುವುದು. ಸರಾಸರಿ ತೆಗೆದಾಗ ನಾಲ್ಕು ಬಟನ್‌ಗೂ ನಾಲ್ಕು ಚಾನೆಲ್‌ನ ತಪ್ಪು ಸಮನಾಗಿ ಹಂಚಿಕೊಳ್ಳುತ್ತದೆ. ಸ್ಲೊವೇನಿಯಾದ ಲಿಬೆರಾ ಉಪಕರಣಗಳು ಈ ದಾರಿಯನ್ನು ಜನಪ್ರಿಯ ಮಾಡಿದವು. ಎರಡನೆಯದು ಪೈಲಟ್ ಟೋನ್. ಬೀಮ್ ಫ್ರೀಕ್ವೆನ್ಸಿಗೆ ಹತ್ತಿರದ, ಆದರೆ ಬೇರೆಯಾದ ಒಂದು ಸ್ಥಿರ ನಾದವನ್ನು ನಾಲ್ಕಾಗಿ ಹಂಚಿ ಬಟನ್ ಹತ್ತಿರವೇ ಸೇರಿಸುತ್ತಾರೆ. ಎಡಿಸಿಯಲ್ಲಿ ಬೀಮ್ ನಾದವನ್ನು ಪೈಲಟ್ ನಾದದಿಂದ ಭಾಗಿಸುತ್ತಾರೆ. ಇಟಲಿಯ ಎಲೆಟ್ರಾ ಸಿಂಕ್ರೋಟ್ರಾನ್‌ನಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ.

ಹೊಸದಾಗಿ ಕಟ್ಟುವುದಾದರೆ ನಾನು ಪೈಲಟ್ ಟೋನ್ ಆರಿಸುತ್ತೇನೆ. ಸ್ವಿಚ್ ಸರಿಪಡಿಸುವುದು ಪೆಟ್ಟಿಗೆಯೊಳಗಿನ ತಪ್ಪನ್ನು ಮಾತ್ರ. ಪೈಲಟ್ ನಾದ ಕೇಬಲ್ ಮೂಲಕವೂ ಬರುವುದರಿಂದ ಕೇಬಲ್‌ನ ತಪ್ಪನ್ನೂ ಹಿಡಿಯುತ್ತದೆ. ಆದರೆ ನಾದವನ್ನು ಹಂಚುವ ಸ್ಪ್ಲಿಟರ್ ಮಾತ್ರ ಸ್ಥಿರವಾಗಿರಬೇಕು. ಅದು ಸರಿದರೆ ಹಿಡಿಯುವವರು ಯಾರೂ ಇಲ್ಲ.

ಮೊದಲ ಬೀಮ್ ದಿನ

ಸುರಂಗ ಮುಚ್ಚುವ ಮುಂಚೆ ಒಂದು ಬಟನ್‌ಗೆ ಸಿಗ್ನಲ್ ಕೊಟ್ಟು ಉಳಿದ ಮೂರರಲ್ಲಿ ಅಳೆಯಿರಿ. ಸರದಿಯಂತೆ ನಾಲ್ಕಕ್ಕೂ ಮಾಡಿ. ಪೈಪಿನ ಸಮರೂಪತೆ ಬಳಸಿ ನಾಲ್ಕರ ಪರಸ್ಪರ ಗೇನ್ ತೆಗೆಯಬಹುದು. ಇದಕ್ಕೆ ಲ್ಯಾಂಬರ್ಟ್‌ಸನ್ ವಿಧಾನ ಅನ್ನುತ್ತಾರೆ.

ಬೀಮ್ ಬಂದಾಗ ಮೊದಲ ಸಲ ಅದು ಪೂರ್ತಿ ಸುತ್ತು ಹೊಡೆಯದೇ ಇರಬಹುದು. ನಿಮ್ಮ ಎಲೆಕ್ಟ್ರಾನಿಕ್ಸ್ ಒಂದೇ ಒಂದು ಹಾಯುವಿಕೆಯಲ್ಲೂ ಓದಿಕೆ ಕೊಡಬೇಕು. 1996ರಲ್ಲಿ ಜಿನೀವಾ ಹತ್ತಿರದ ಸರ್ನ್‌ನ 27 ಕಿಲೋಮೀಟರ್ ಉದ್ದದ ಎಲ್‌ಇಪಿ ಯಂತ್ರದಲ್ಲಿ ಬೀಮ್ ಸುತ್ತಲೇ ಇಲ್ಲ. ಸಾಲು ಸಾಲು ಬಿಪಿಎಂಗಳ ಓದಿಕೆ ಬೀಮ್ ಎಲ್ಲಿ ಕಳೆದುಹೋಗುತ್ತಿದೆ ಅಂತ ತೋರಿಸಿತು. ಅಲ್ಲಿ ಪೈಪು ಬಿಚ್ಚಿದಾಗ ಒಳಗೆ ಎರಡು ಬಿಯರ್ ಬಾಟಲಿ ಸಿಕ್ಕವು.

ಬೀಮ್ ನಿಂತ ಮೇಲೆ ಕೇಬಲ್ ಅದಲುಬದಲು ಆಗಿದೆಯಾ ನೋಡಿ. ಒಂದು ಕರೆಕ್ಟರ್ ಮ್ಯಾಗ್ನೆಟ್‌ನಿಂದ ಬೀಮನ್ನು ಅಡ್ಡ ದಿಕ್ಕಿಗೆ ಮಾತ್ರ ತಳ್ಳಿ. ಓದಿಕೆ ಲಂಬ ದಿಕ್ಕಿನಲ್ಲಿ ಬಂದರೆ ಎದುರುಬದುರಿನ ಎರಡು ಕೇಬಲ್, ಅಂದರೆ ಎ ಮತ್ತು ಸಿ ಇಲ್ಲವೇ ಬಿ ಮತ್ತು ಡಿ, ಬದಲಾಗಿವೆ. ಅಡ್ಡ ದಿಕ್ಕಿನಲ್ಲಿ ಏನೂ ಬಾರದೆ ಲಂಬ ಮಾತ್ರ ಸರಿ ಇದ್ದರೆ ಎ ಮತ್ತು ಬಿ, ಇಲ್ಲವೇ ಸಿ ಮತ್ತು ಡಿ ಬದಲಾಗಿವೆ. ಈ ತಪ್ಪು ಎಲ್ಲರಿಂದಲೂ ಆಗುತ್ತದೆ. ಸುರಂಗಕ್ಕೆ ಹೋಗದೆ ಪತ್ತೆ ಮಾಡಬಹುದು ಅನ್ನುವುದು ಸಮಾಧಾನ.

ಕೊನೆಗೆ ಆಫ್‌ಸೆಟ್. ಬೀಮನ್ನು ಒಟ್ಟುಗೂಡಿಸಿ ಹಿಡಿಯುವ ಪಕ್ಕದ ಕ್ವಾಡ್ರುಪೋಲ್ ಮ್ಯಾಗ್ನೆಟ್‌ನ ಬಲವನ್ನು ಸ್ವಲ್ಪ ಬದಲಿಸಿ. ಬೀಮ್ ಅದರ ನಡುವಿನಲ್ಲಿ ಹೋಗುತ್ತಿದ್ದರೆ ಯಂತ್ರದ ಉಳಿದ ಕಡೆ ಆರ್ಬಿಟ್ ಅಲುಗುವುದಿಲ್ಲ. ಅಲುಗದ ಜಾಗ ಹುಡುಕಿ, ಅಲ್ಲಿ ನಿಮ್ಮ ಬಿಪಿಎಂ ತೋರಿಸುವ ಸಂಖ್ಯೆಯೇ ಅದರ ಆಫ್‌ಸೆಟ್.

ಮನೆಯ ಬೆಂಚಿನಲ್ಲಿ

ಆಕ್ಸಿಲರೇಟರ್ ಇಲ್ಲದೆಯೂ ಇದನ್ನು ಕಲಿಯಬಹುದು. 40 ಮಿಲಿಮೀಟರ್ ಒಳವ್ಯಾಸದ ಒಂದು ಅಲ್ಯೂಮಿನಿಯಂ ಪೈಪು ತನ್ನಿ. 45 ಡಿಗ್ರಿಯಲ್ಲಿ ನಾಲ್ಕು ತೂತು ಕೊರೆದು, 10 ಮಿಲಿಮೀಟರ್ ಅಗಲದ ಹಿತ್ತಾಳೆ ಬಿಲ್ಲೆಗಳನ್ನು ಎಸ್‌ಎಂಎ ಕನೆಕ್ಟರ್‌ಗೆ ಬೆಸೆದು ಕೂರಿಸಿ. ಪೈಪಿನ ನಡುವೆ ಬಿಗಿಯಾಗಿ ಒಂದು ತಾಮ್ರದ ತಂತಿ ಎಳೆಯಿರಿ. ಅದೇ ನಿಮ್ಮ ಬೀಮ್. ನ್ಯಾನೋವಿಎನ್‌ಎ ಅನ್ನುವ ಅಗ್ಗದ ಅಳತೆ ಉಪಕರಣದ ಒಂದು ಪೋರ್ಟ್ ತಂತಿಗೆ, ಇನ್ನೊಂದು ಬಟನ್‌ಗೆ. ಬಳಸದ ಬಟನ್‌ಗಳಿಗೆ 50 ಓಮ್ ಮುಚ್ಚಳ ಹಾಕಿ. ಸ್ಕ್ರೂ ತಿರುಗಿಸಿ ತಂತಿಯನ್ನು ಬಲಕ್ಕೆ 1 ಮಿಲಿಮೀಟರ್ ಸರಿಸಿ. ಬಲದ ಬಟನ್‌ಗಳು ಸುಮಾರು 0.6 ಡಿಬಿ ಏರಬೇಕು, ಎಡದವು ಅಷ್ಟೇ ಇಳಿಯಬೇಕು. ಹಾಗೆ ಆಗದಿದ್ದರೆ ಮೊದಲು ಬೆಸುಗೆ ನೋಡಿ, ಆಮೇಲೆ ತಂತಿ ನಿಜವಾಗಿ ನಡುವಿನಿಂದಲೇ ಹೊರಟಿತ್ತಾ ನೋಡಿ.